ಕುಂಟುವ ಕುರಿ ಮೊದಲು

ಜೂನ್ 11, ಬೆಳಿಗ್ಗೆ 8.40. "ಎರಡ ತಿಂಗಳಾತು, ಡಾಕ್ಟರ್ ನಮ್ಮ ಬಾಗಲಾ ತುಳದಿಲ್ಲ. ಇವರ ಮುಷ್ಟಿ ಬಿಗದ ಕಲ್ಲ ಆಗಾಕತ್ತೈತಿ," ಎಂದು ಬಾಳವ್ವತ್ತೆ ನನ್ನನ್ನು ಹೊಸ್ತಿಲಲ್ಲೇ ತಡೆದರು. ಪಾರ್ಶ್ವವಾಯು ಹೊಡೆದ ಅವರ ಗಂಡ, ಕುರಿಗಾಹಿ ಲಕ್ಕಪ್ಪ ಕಾಕಾ ಒಳಗೆ ಮಲಗಿದ್ದರು.

ನಾನು ಮೂಡಲಗಿ ಕಡೆಯ ಪಂಚಾಯಿತಿಯೊಂದರಲ್ಲಿ ಅಂಗವಿಕಲರ ಪುನರ್ವಸತಿ ಕಾರ್ಯಕರ್ತೆ. ಗೋಕಾಕದಿಂದ ಫಿಸಿಯೋಥೆರಪಿಸ್ಟ್ ಬರುವುದು ತಿಂಗಳಿಗೊಮ್ಮೆ, ಮೂರೇ ತಾಸು. ಅಂದು ಹತ್ತು ಗಂಟೆಗೆ ಬರುವವರಿದ್ದರು. ಇನ್ನೊಂದು ದಿನ ಕರೆಸಲು ಅನುದಾನವಿಲ್ಲ. ಪಟ್ಟಿಯಲ್ಲಿ ಹದಿನಾಲ್ಕು ಜನ.

"ಮನಿ ನಂಬರ್ ಪ್ರಕಾರ ಹೊಂಟೇವ್ರಿ ಅತ್ತಿ. ನಿಮ್ದು ಹನ್ನೆರಡನೇದ್ದು, ಅಲ್ಲೀತನಾ ಬರೂದ್ರಾಗ ಹೊತ್ತ ಮುಗಿತೈತಿ," ಎಂದೆ.

"ನಂಬರ್ ಹಚ್ಚಿ ಕುರಿ ಕಾಯಾಕ ಆಗ್ತೈತೇನವ್ವಾ? ನಾವು ಮುಂಜಾನಿ ಹಟ್ಟಿ ತೆಗಿಯೂಮುಂದ ಮೊದ್ಲ ಕುಂಟೂ ಕುರಿ ನೋಡತೀವಿ. ಅಡ್ಡಾಡೂವು ತಾವ ಎದ್ದ ಬರ್ತಾವ."

ಅವರ ಕಟ್ಟೆಯ ಮೇಲೆಯೇ ಕುಳಿತು ಪಟ್ಟಿಯನ್ನು ಹೊಸದಾಗಿ ಬರೆದೆ. ಹಾಸಿಗೆ ಬಿಟ್ಟೇಳಲಾಗದ ಐವರ ಮನೆಗೆ ಮೊದಲು ಹೋಗುವುದು, ನಡೆಯಬಲ್ಲ ಒಂಬತ್ತು ಜನರನ್ನು ಅಂಗನವಾಡಿಗೆ ಕರೆಯುವುದು. ಹತ್ತು ಗಂಟೆಯೊಳಗೆ ಎಲ್ಲರಿಗೂ ಹೇಳಿ ಬಂದೆ. ಮನೆ ಮನೆ ಅಲೆಯುವ ಹೊತ್ತು ಉಳಿದು, ಅಂದು ಅದೇ ಮೂರು ತಾಸಿನಲ್ಲಿ ಹದಿನಾಲ್ಕೂ ಜನರಿಗೆ ಚಿಕಿತ್ಸೆ ಸಿಕ್ಕಿತು. ದಿನಾ ಕಾಕಾನ ಬೆರಳು ಬಿಡಿಸುವುದನ್ನು ಅತ್ತೆಯೂ ಕಲಿತರು.

ಆಗಸ್ಟ್ ಭೇಟಿಯಲ್ಲಿ ಲಕ್ಕಪ್ಪ ಕಾಕಾ ಬಿಗಿದಿದ್ದ ಅದೇ ಕೈಯಲ್ಲಿ ನನ್ನ ಪೆನ್ನು ಹಿಡಿದು, ಪಟ್ಟಿಯಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಒಂದು ಸೊಟ್ಟ ಗೀಟು ಎಳೆದರು. ಮೂರು ತಿಂಗಳಿಂದ ನನ್ನ ಡೈರಿಯಲ್ಲಿ 'ಉಳಿದವರು: ಸೊನ್ನೆ' ಎಂದಿದೆ. ಮುಂದಿನ ತಿಂಗಳು ಇನ್ನಿಬ್ಬರು ಸೇರುತ್ತಾರೆ, ತಾಸು ಮಾತ್ರ ಮೂರೇ. ಹುಕ್ಕೇರಿ, ಗೋಕಾಕ ಕಡೆ ಇದಕ್ಕಿಂತ ಒಳ್ಳೆಯ ದಾರಿ ಕಂಡುಕೊಂಡವರಿದ್ದರೆ ಕಾರ್ಯಕರ್ತರ ಈ ಪತ್ರಿಕೆಗೆ ಬರೆಯಿರಿ, ನಾನು ಓದುತ್ತೇನೆ.