ಮೆಣಸಿನಕಾಯಿ ಗೋದಾಮಿನ ಹೆರಾಲ್ಡ್

ಹೇಮಪ್ಪನಿಗೆ ಓದು ಹತ್ತಲಿಲ್ಲ. ಹತ್ತಿದ್ದು ಮೋಟಾರು. ರಾಣೆಬೆನ್ನೂರಿನಲ್ಲಿ ಪುಣೆ–ಬೆಂಗಳೂರು ರಸ್ತೆಯ ಬದಿಗೆ ರಹಿಮಾನಸಾಬರ ಗ್ಯಾರೇಜಿತ್ತು. ಅಲ್ಲೇ ಅವನು ಕೆಲಸ ಕಲಿತ, ಅಲ್ಲೇ ಮೀಸೆ ಬಂತು, ಅಲ್ಲೇ ಇದ್ದುಕೊಂಡು ಮದುವೆಯೂ ಆದ. ರಹಿಮಾನಸಾಬರಿಗೆ ಮಕ್ಕಳಿರಲಿಲ್ಲ. ಅವರ ಹೆಂಡತಿ ಹುಸೇನಬಿ ಮಧ್ಯಾಹ್ನದ ಬುತ್ತಿ ಕಟ್ಟುವಾಗ ಹೇಮಪ್ಪನದನ್ನೂ ಸೇರಿಸಿಯೇ ಕಟ್ಟುತ್ತಿದ್ದಳು.

ಆ ಗ್ಯಾರೇಜಿನ ಹಿಂದುಗಡೆ ಒಂದು ಹೆರಾಲ್ಡ್ ಕಾರು ನಿಂತಿತ್ತು. ಎರಡೇ ಬಾಗಿಲು. ಮುಂದಿನ ಮುಚ್ಚಳ ಎತ್ತಿದರೆ ಮಡಗಾರ್ಡು, ದೀಪ ಎಲ್ಲ ಕೂಡಿಯೇ ಮೇಲೇಳುತ್ತಿತ್ತು, ಮೊಸಳೆ ಬಾಯಿ ತೆರೆದ ಹಾಗೆ. ಬೆಳಗಾವಿಯ ಶ್ರೀಮಂತರೊಬ್ಬರು ಅದನ್ನು ಮದ್ರಾಸಿನ ಕಡೆ ಶೋಲಾವರಂ ರೇಸಿಗೆ ಒಯ್ದು, ಗೋಡೆಗೆ ಗುದ್ದಿಸಿ, ಮನಸ್ಸು ಮುರಿದು ಸಾಬರಿಗೆ ಬಿಟ್ಟುಕೊಟ್ಟಿದ್ದರು. ಬಾಡಿಗೆ ಗಾಡಿಗಳ ಕೆಲಸ ಮುಗಿದ ಮೇಲೆ ಸಾಬರೂ ಹೇಮಪ್ಪನೂ ಅದರ ಮುಂದೆ ಕೂಡುತ್ತಿದ್ದರು. ತಗಡು ಬಡಿದರು, ಎರಡು ಕಾರ್ಬೊರೇಟರು ಕೂಡಿಸಿದರು, ಕೆನೆಯ ಬಣ್ಣ ಹೊಡೆದರು. ಮೊದಲ ಸಲ ಹಾವೇರಿಯ ತನಕ ಓಡಿಸಿದ ದಿನ ಎದುರಿಗೆ ಬಂದ ಬಸ್ಸಿನವರು ಕಿಡಕಿಯಿಂದ ತಲೆ ಹೊರಗೆ ಹಾಕಿ ನೋಡಿದರು.

ಎಂಬತ್ತೈದರ ಸುಮಾರಿಗೆ ಗ್ಯಾರೇಜಿನಲ್ಲಿ ಸಂಜೆಯ ಚಹಾದ ಹೊತ್ತಿಗೆ ಇದೇ ಮಾತು. ಹೊಸ ಹೊಸ ಗಾಡಿ ಬರುವ ಕಾಲ ಅದು. ಮುಂದೊಂದು ದಿನ ಹಳೆಯವುಗಳಲ್ಲಿ ಯಾವುದಕ್ಕೆ ಬೆಲೆ ಬಂದೀತು ಎಂದು ವಾದ. ಲಾರಿ ಡ್ರೈವರ್ ಗೂಡುಸಾಬ ಅಂಬಾಸಡರ್ ಎನ್ನುತ್ತಿದ್ದ. ಇನ್ನೊಬ್ಬರು ಫಿಯಾಟ್ ಎಂದರೆ, ಹುಬ್ಬಳ್ಳಿಯಲ್ಲಿ ಕಾಂಟೆಸ್ಸಾ ನೋಡಿ ಬಂದವರಿಗೆ ಅದರದೇ ಕನಸು. ಸಾಬರು ಬಸಿಯಲ್ಲಿ ಚಹಾ ಸುರಿದುಕೊಂಡು ಹೇಳಿದರು:

"ಊರ ತುಂಬ ಇರೂ ಗಾಡೀನ ನಾಳೆ ಯಾರೂ ಹುಡುಕೂದಿಲ್ಲಪಾ. ಟ್ಯಾಕ್ಸಿ ಆಗಿ ಸವದದ್ದನ್ನೂ ಹುಡುಕೂದಿಲ್ಲ. ಹರೇದಾಗ ಯಾವದು ಜೋರ ಓಡಿ ಹೋತು, ಯಾವದು ಕೈಗೆ ಸಿಗಲಿಲ್ಲ, ಅದನ್ನ ಕೂದಲಾ ಬೆಳ್ಳಗಾದ ಮ್ಯಾಲೆ ಹುಡುಕ್ಕೋಂತ ಬರ್ತಾರ. ಈ ಹೆರಾಲ್ಡಿಗೆ ಬರ್ತಾರ ನೋಡು."

"ಬರ್ತಾರ, ಬರ್ತಾರ. ಅಷ್ಟೊತ್ತಿಗೆ ಉಸ್ತಾದರು ಎಲ್ಲಿರ್ತಾರ? ಕಬರಸ್ತಾನಕ್ಕ ಹೋಗಿ ಕೇಳಬೇಕೇನ ಚಾವಿ?" ಎಂದ ಗೂಡುಸಾಬ. ಎಲ್ಲರೂ ನಕ್ಕರು, ಸಾಬರೂ ನಕ್ಕರು.

ಮರುವರ್ಷ ಸಾಬರಿಗೆ ಲಕ್ವ ಹೊಡೆಯಿತು. ಬಾಯಿ ಸೊಟ್ಟಗಾಗಿತ್ತು, ಮಾತು ತೊದಲುತ್ತಿತ್ತು. ಹುಸೇನಬಿಯ ಎದುರಿಗೆ ಚಾವಿಯನ್ನು ಹೇಮಪ್ಪನ ಅಂಗೈಯಲ್ಲಿ ಇಡಿಸಿ, ಕಷ್ಟಪಟ್ಟು ಇಷ್ಟು ಹೇಳಿದರು: "ತುಂಡ ತುಂಡ ಮಾಡಬ್ಯಾಡ. ಇಡಿಯಾಗಿ ಇಟಗೋ. ತಿಳಿದವರು ಬರ್ತಾರ, ಅವರ ಕೈಯಾಗ ಕೊಡು." ಹೇಮಪ್ಪ ಹೂಂ ಎಂದ. ಆ ಹೂಂ ಅವನ ಕೊರಳಿಗೆ ಬಿತ್ತು.

ಸಾಬರು ತೀರಿಕೊಂಡು ಗ್ಯಾರೇಜು ಮುಚ್ಚಿತು. ಹೇಮಪ್ಪ ಕುಮಾರಪಟ್ಟಣದ ಕಾರ್ಖಾನೆಗೆ ಆಳುಗಳನ್ನು ಒಯ್ಯುವ ಬಸ್ಸಿಗೆ ಡ್ರೈವರ್ ಆದ. ಕಾರು ಮನೆಯ ಬಾಜೂಕಿನ ಬಯಲಿಗೆ ಬಂತು. ಅಲ್ಲೇ ಹತ್ತಿಕಾಳಿನ ಗೋದಾಮು, ಇಲಿಗಳ ದೊಡ್ಡ ಸಂಸಾರ. ಒಂದು ಮಳೆಗಾಲದಲ್ಲಿ ಸೀಟಿನ ನಾರು ಕಿತ್ತು ಮರಿ ಹಾಕಿದವು, ವಾಯರು ಕಡಿದವು. ಹೇಮಪ್ಪ ಊಟ ಬಿಟ್ಟು ಕೂತ.

ಆಗ ದಾರಿ ತೋರಿಸಿದವಳು ಅವನ ಹೆಂಡತಿ ಕರೆವ್ವ. ಅವಳ ತವರು ಬ್ಯಾಡಗಿ. ಅಣ್ಣ ಮಲ್ಲೇಶಪ್ಪನದು ಮೆಣಸಿನಕಾಯಿ ವ್ಯಾಪಾರ. ಮೆಣಸಿನಕಾಯಿ ಇದ್ದಲ್ಲಿ ಇಲಿ ಸುಳಿಯುವುದಿಲ್ಲ, ಗೆದ್ದಲು ಹತ್ತುವುದಿಲ್ಲ. ಇದು ಬ್ಯಾಡಗಿಯ ಕೂಸಿಗೂ ಗೊತ್ತು. ಗಾಡಿಯನ್ನು ಅಣ್ಣನ ಗೋದಾಮಿನ ಮೂಲೆಗೆ ಇಡೋಣ ಎಂದಳು. ಕೇಳಿದವರೆಲ್ಲ ಭೇಷ್ ಎಂದರು.

ವಾಯರು ಹೊಸದು ಹಾಕಿ, ಹೇಮಪ್ಪನೇ ಓಡಿಸಿಕೊಂಡು ಹೋದ. ಕರೆವ್ವ ಬಾಜೂಕ್ಕೆ ಕೂತಿದ್ದಳು. ಸಾವಕಾಶ, ಸಾವಕಾಶ ಎಂದು ಬಾಯಲ್ಲಿ ಅನ್ನುತ್ತಲೇ ಕೈಯನ್ನು ಕಿಡಕಿಯ ಹೊರಗೆ ಚಾಚಿ ಗಾಳಿ ಹಿಡಿಯುತ್ತಿದ್ದಳು. ಕದರಮಂಡಲಗಿಗೆ ಹೋಗಿ ಹಣಮಪ್ಪನಿಗೆ ಕಾಯಿ ಒಡೆಸಿದರು. ಅವರಿಬ್ಬರ ಸಂಸಾರದಲ್ಲಿ ಅಂಥ ದಿನ ಮತ್ತೆ ಬರಲಿಲ್ಲ.

ಗೋದಾಮಿನಲ್ಲಿ ನಾಲ್ಕು ಕಲ್ಲಿನ ಮೇಲೆ ಕಾರನ್ನು ಏರಿಸಿದ. ಧೂಳು ಹೋಗಬಾರದೆಂದು ಸುತ್ತಲೂ ನೆಲದ ತನಕ ಗೋಣಿತಟ್ಟು ಇಳಿಬಿಟ್ಟ. ತಿಂಗಳಿಗೊಮ್ಮೆ ಗಂಡಹೆಂಡತಿ ಬರುತ್ತಿದ್ದರು. ಅವನು ಎಂಜಿನ್ ಚಾಲೂ ಮಾಡಿ, ಎಣ್ಣೆ ಬಟ್ಟೆಯಿಂದ ಮೈಯೆಲ್ಲ ಒರೆಸುತ್ತಿದ್ದ. ಅವಳು ತಟ್ಟು ಎತ್ತಿ ಗಾಡಿಯ ಕೆಳಗಿನ ಕಸ ಹೊಡೆಯುತ್ತಿದ್ದಳು. ಕೆಂಪು ಪುಡಿ ಮೊರ ತುಂಬ ಬರುತ್ತಿತ್ತು. ಮೆಣಸಿನಕಾಯಿ ಗೋದಾಮಿನಲ್ಲಿ ಮತ್ತೇನು ಬಂದೀತು? ಮಲ್ಲೇಶಪ್ಪ ಬಾಗಿಲಲ್ಲಿ ನಿಂತು ನಗುತ್ತಿದ್ದ: "ಅಲ್ಲಬೇ ಕರೆವ್ವಾ, ಸವತಿ ಸೇವಾ ನೀನಽ ಮಾಡತೀಯಲ್ಲ." ಇವಳೂ ಬಿಡುತ್ತಿರಲಿಲ್ಲ. "ಸವತೀನ ನನ್ನ ತವರಮನ್ಯಾಗ ತಂದ ಇಟ್ಟಾರಣ್ಣಾ. ನಾ ಮಾಡದ ಮತ್ಯಾರು ಮಾಡಬೇಕು?"

ರಮಜಾನಿಗೆ, ಬಕ್ರೀದಿಗೆ ಹೇಮಪ್ಪ ತಪ್ಪದೆ ಹುಸೇನಬಿಯ ಮನೆಗೆ ಹೋಗುತ್ತಿದ್ದ. ಅವಳು ಅವನ ಮಕ್ಕಳನ್ನು ಕೇಳುವ ಮೊದಲು ಗಾಡಿಯನ್ನು ಕೇಳುತ್ತಿದ್ದಳು. ಮದುವಣಗಿತ್ತಿ ಹಾಗೆ ಐತಿ ಚಾಚಿ ಎಂದು ಇವನು ಹೇಳುತ್ತಿದ್ದ. ಸುಳ್ಳಲ್ಲ, ಅವನ ಕಣ್ಣಿಗೆ ಹಾಗೆಯೇ ಇತ್ತು.

ತೊಂಬತ್ತಾರರಲ್ಲಿ ತಿಳಿದವರು ಬಂದೇ ಬಂದರು. ಹಾವೇರಿಯ ವಕೀಲರ ಮಗ ಬಾಳಕೃಷ್ಣ, ಪುಣೆಯಲ್ಲಿ ದೊಡ್ಡ ನೌಕರಿ, ಹಳೆಯ ಕಾರಿನ ಹುಚ್ಚು. ಗೂಡುಸಾಬನಿಂದ ಸುದ್ದಿ ತಿಳಿದು ಕುಮಾರಪಟ್ಟಣದ ತನಕ ಹುಡುಕಿಕೊಂಡು ಬಂದ. ಎರಡು ಬಾಗಿಲಿನ ಹೆರಾಲ್ಡು, ಅದರಲ್ಲೂ ರೇಸಿಗೆ ಹೋದದ್ದು, ಈಗ ಸಿಗುವುದೇ ಇಲ್ಲವೆಂದ. ಪುಣೆಯಲ್ಲಿ ವರ್ಷಕ್ಕೊಮ್ಮೆ ಇಂಥ ಗಾಡಿಗಳ ಮೆರವಣಿಗೆಯಂತೆ. ಮುಂದಿನ ಗಾಜಿಗೆ ಹಲಗೆ ಕಟ್ಟಿ, ರಾಣೆಬೆನ್ನೂರಿನ ರಹಿಮಾನಸಾಬರು ಕಟ್ಟಿದ್ದು ಎಂದು ಬರೆಸುತ್ತೇನೆ ಎಂದ.

ಹೇಮಪ್ಪನಿಗೆ ಅಷ್ಟು ಸಾಕಾಯಿತು. ಸೀದಾ ಹುಸೇನಬಿಯ ಮನೆಗೆ ಹೋಗಿ ಹೇಳಿಬಿಟ್ಟ. ಗಾಡಿಯನ್ನು ಮೊದಲು ನಿನ್ನ ಓಣಿಗೆ ತರುತ್ತೇನೆ, ನೀನು ಒಂದು ಸುತ್ತು ಕೂತು ಬಾ, ಆಮೇಲೆ ಪುಣೆ ಎಂದ. ಮುದುಕಿ ಓಣಿಗೆಲ್ಲ ಸಾರಿದಳು.

ಬಾಳಕೃಷ್ಣ ಬಂದ ದಿನ ಗೋದಾಮಿನ ಚೀಲಗಳನ್ನು ಹಮಾಲರು ಸರಿಸಿದರು. ತಟ್ಟು ತೆಗೆದಾಗ ಆ ಕತ್ತಲೆಯಲ್ಲಿ ಕೆನೆಯ ಬಣ್ಣ ಪಳಪಳ ಎಂದಿತು. ಎಂಜಿನ್ ಒಂದೇ ಸಲಕ್ಕೆ ಹತ್ತಿತು. ಬಾಳಕೃಷ್ಣ ಬೊನೆಟ್ಟಿನ ಮೇಲೆ ಅಂಗೈ ಇಟ್ಟು ಎಂಜಿನ್ನಿನ ಮಿಡಿತ ನೋಡಿದ. ಕಲ್ಲಿನಿಂದ ಇಳಿಸಲು ಹೇಮಪ್ಪ ಕೆಳಗೆ ಜಾಕು ಕೊಟ್ಟು ತಿರುವಿದ. ಜಾಕು ಏರಿತು, ಗಾಡಿ ಏರಲಿಲ್ಲ. ಒಳಗೆ ಹಪ್ಪಳ ಮುರಿದ ಸಪ್ಪಳವಾಯಿತು. ಇನ್ನೊಂದು ಕಡೆ ಕೊಟ್ಟ, ಅಲ್ಲೂ ಹಾಗೇ. ಹಮಾಲರು ಕೈಯಿಂದ ಎತ್ತಿ ಇಳಿಸಿದರು. ಗಾಡಿಯ ನಡ ಕುಸಿಯಿತು. ಬಾಗಿಲು ತಾನೇ ತೆರೆದುಕೊಂಡು ಜೋತುಬಿತ್ತು, ಮತ್ತೆ ಹಾಕಲು ಬರಲಿಲ್ಲ.

ಬಾಳಕೃಷ್ಣ ಬ್ಯಾಟರಿ ದೀಪ ಹಿಡಿದು ಗಾಡಿಯ ಕೆಳಗೆ ತೂರಿದ. ಹೊರಗೆ ಬಂದಾಗ ಬಿಳಿ ಅಂಗಿಯೆಲ್ಲ ಕೆಂಪಾಗಿತ್ತು. ಹೇಮಪ್ಪ ಆ ಪುಡಿಯನ್ನು ಬೆರಳಲ್ಲಿ ತಿಕ್ಕಿ ನೋಡಿದ. ತುಕ್ಕು.

ಒಣಗಿದ ಮೆಣಸಿನಕಾಯಿ ಹಾಗೇ ತುಳಿದರೆ ಪುಡಿಯಾಗುತ್ತದೆ. ಅದಕ್ಕೆ ನೀರು ಚಿಮುಕಿಸಿ, ಮೆತ್ತಗೆ ಮಾಡಿ, ಆಮೇಲೆ ಚೀಲಕ್ಕೆ ತುಂಬಿ ತುಳಿಯುತ್ತಾರೆ. ಬ್ಯಾಡಗಿಯಲ್ಲಿ ಇದು ರೊಟ್ಟಿ ಬಡಿದಷ್ಟು ಸಹಜ. ಪ್ರತಿ ಸುಗ್ಗಿಯಲ್ಲೂ ಗೋದಾಮಿನಲ್ಲಿ ಚಿಮುಕಿಸಿದ ಆ ನೀರು ಹಾಸುಗಲ್ಲಿನ ಸಂದಿಗೆ ಇಳಿದು ಗೋಣಿತಟ್ಟಿಗೆ ಏರುತ್ತಿತ್ತು. ತಟ್ಟಿನ ಒಳಗೆ ಸೇರಿದ ತಂಪಿಗೆ ಹೊರಗೆ ಹೋಗಲು ದಾರಿಯಿರಲಿಲ್ಲ. ಇಲಿ ಬರಲಿಲ್ಲ, ನೀರು ತಿಂದಿತು.

ಕರೆವ್ವ ಗೋಡೆಗೆ ಒರಗಿ ನಿಂತಿದ್ದಳು. "ನನಗ ಸೀನ ಬರತಿರಲಿಲ್ಲ ನೋಡ್ರಿ, ಅದರ ಬುಡಕ ಕಸಾ ಹೊಡಿಯೂವಾಗ," ಎಂದಳು. "ಮೂಗಿಗೆ ರೂಢಿ ಆತು ಅಂದಕೊಂಡೆ."

ಬಾಳಕೃಷ್ಣ ಒಳ್ಳೆಯ ಮನುಷ್ಯ. ಅಂಗಿ ಝಾಡಿಸಿಕೊಂಡು ಮೆತ್ತಗೆ ಹೇಳಿದ: "ಬುಡದ ಚಾಸಿ ಪೂರಾ ಹೋಗ್ಯದ, ಹೇಮಪ್ಪನವರ. ಹೊಸದು ಮಾಡಿಸಿದ್ರ ಇದು ಸಾಬರು ಕಟ್ಟಿದ ಗಾಡಿ ಆಗೂದಿಲ್ಲ. ಆದ್ರ ಎಂಜಿನ್ ಛಲೋ ಅದ. ಪುಣೇದಾಗ ಒಂದು ಹೆರಾಲ್ಡ್ ಎಂಜಿನ್ ಇಲ್ಲದ ನಿಂತದ. ಕೊಟ್ರ ಅದಾದ್ರೂ ಓಡತದ."

ಮಲ್ಲೇಶಪ್ಪ, ಇರಲಿ ಬಿಡು, ಮೂಲೆಯಲ್ಲಿ ಹಾಗೇ ಬಿದ್ದಿರಲಿ ಎಂದ. ಹೇಮಪ್ಪ ಗಾಡಿಯ ಸುತ್ತ ಒಂದು ಸಲ ನಡೆದ. ಬಿಟ್ಟರೆ ಎಂಜಿನ್ನೂ ಇದೇ ತಂಪಿನಲ್ಲಿ ಕೊಳೆಯುತ್ತದೆ. ಕೊಟ್ಟರೆ ಸಾಯುವವನಿಗೆ ಅಂದ ಹೂಂ ಸುಳ್ಳಾಗುತ್ತದೆ. ಕಡೆಗೆ ಅಂಗಿ ಬಿಚ್ಚಿ ಇಟ್ಟು, ಬೇರೆ ಯಾರೂ ಮುಟ್ಟಬೇಡಿರಿ ಎಂದು ತಾನೇ ಪಾನಾ ಹಿಡಿದು ನಟ್ಟು ಸಡಿಲಿಸತೊಡಗಿದ. ಎಂಜಿನ್, ಕಾರ್ಬೊರೇಟರು, ಮುಂದಿನ ಮುಚ್ಚಳ, ಒಂದೊಂದನ್ನೇ ಬಿಚ್ಚಿ, ಸೀಮೆಎಣ್ಣೆಯಲ್ಲಿ ತೊಳೆದು, ಚೀಲದ ಮೇಲೆ ಸಾಲಾಗಿ ಇಟ್ಟ. ಸಾಬರ ಹೆಸರಿನ ಹಲಗೆಯನ್ನು ಪುಣೆಯ ಆ ಗಾಡಿಗೇ ಕಟ್ಟಿಸುತ್ತೇನೆ ಎಂದು ಬಾಳಕೃಷ್ಣ ಹೇಳಿದಾಗ ಮಾತ್ರ ತಲೆ ಎತ್ತಿದ.

"ಬ್ಯಾಡ್ರಿ. ಇಡೀ ಗಾಡಿಗೆ ಹಾಕೂ ಹೆಸರರಿ ಅದು."

ಉಳಿದ ತಗಡನ್ನು ಗುಜರಿಯವರು ಚಕ್ಕಡಿಯಲ್ಲಿ ಹೇರಿಕೊಂಡು ಹೋದರು.

ಸಂಜೆ ರಾಣೆಬೆನ್ನೂರಿನಲ್ಲಿ ಬಸ್ಸಿಳಿದು, ಹುಸೇನಬಿಯ ಓಣಿಗೆ ಹೇಮಪ್ಪ ನಡೆದೇ ಹೋದ. ಬಾಗಿಲ ಹೊರಗೆ ಕುರ್ಚಿ ಹಾಕಿಕೊಂಡು, ತೊಳೆದ ಸೀರೆ ಉಟ್ಟು ಅವಳು ಕೂತಿದ್ದಳು. ನೆರೆಯ ಹೆಂಗಸರೂ ಇದ್ದರು. ಅವನು ನಿಂತುಕೊಂಡೇ ಎಲ್ಲ ಹೇಳಿದ. ನೀರು, ತುಕ್ಕು, ಬಿಚ್ಚಿ ಕೊಟ್ಟದ್ದು, ಏನನ್ನೂ ಬಿಡಲಿಲ್ಲ. ಅವಳು ಬೈಯುತ್ತಾಳೆ ಎಂದುಕೊಂಡಿದ್ದ. ಅವಳು ಬೈಯಲಿಲ್ಲ.

"ನೀ ಅದನ್ನ ಯಾಕ ಓಡಸಲಿಲ್ಲ, ಬೇಟಾ?"

"ಹಾಳಾದೀತಂತ, ಚಾಚಿ."

"ಅವರು ಓಡಸಾಕಂತ ಮಾಡಿದ್ದರಪಾ ಅದನ್ನ. ಓಡತಿದ್ದರ ಒಂದಿನಾರ ಯಾರಾದ್ರೂ ಅದರ ತಳಾ ನೋಡತಿದ್ದರು."

ಅಷ್ಟು ಹೇಳಿ ಎದ್ದಳು. ಕುರ್ಚಿ ಒಳಗೆ ತಗೊಳ್ರಿ, ಗಾಡಿ ಬರುವುದಿಲ್ಲವಂತೆ ಎಂದು ಹೆಂಗಸರಿಗೆ ಹೇಳಿ ಪರದೆಯ ಹಿಂದೆ ಹೋದಳು. ಹೇಮಪ್ಪ ಬಾಗಿಲಲ್ಲಿ ಬಹಳ ಹೊತ್ತು ಕಾದ. ಅವಳು ಹೊರಗೆ ಬರಲಿಲ್ಲ. ಮುಂದಿನ ರಮಜಾನಿಗೂ ಅವನನ್ನು ಕರೆಯಲಿಲ್ಲ.

ಗಾಡಿ ಬಿಚ್ಚಿದ ಮರುದಿನ ಬೆಳಗಿನ ಪಾಳಿಗೆ ಆಳುಗಳೆಲ್ಲ ಬಸ್ಸು ಹತ್ತಿ ಕೂತಿದ್ದರು. ಹೇಮಪ್ಪ ಗೋಣಿ ಹಾಸಿಕೊಂಡು ಬಸ್ಸಿನ ಕೆಳಗೆ ಅಂಗಾತ ತೂರಿದ. ಒಂದೊಂದು ಕಬ್ಬಿಣಕ್ಕೂ ಕೈಯಾಡಿಸಿದ. ಎಲ್ಲ ಗಟ್ಟಿ ಇತ್ತು. ಮೇಲಿನಿಂದ ಹೊತ್ತಾಯಿತು ಎಂದು ಬಡಿದರು, ಹೆಸರು ಹಿಡಿದು ಕೂಗಿದರು. ನೋಡುವುದು ಮುಗಿದಿತ್ತು. ಏಳಲು ಅವನಿಗೆ ಮನಸ್ಸಾಗಲಿಲ್ಲ.