ಬರೆಯದೆ ಬಿಟ್ಟ ಎರಡು ಖಣ

ಜುಲೈ ೧೪. ಮಧ್ಯಾಹ್ನ ೩-೨೦ಕ್ಕೆ ಕಾಕುಗೆ, ನನ್ನ ಚಿಕ್ಕಮ್ಮನಿಗೆ, ಬರೆಯಲು ಕುಳಿತೆ.

ಕಾಕು, ಮನೆ ವಿಮೆಯ ಕಾಗದದಲ್ಲಿ ಹಿಂಬದಿಯ ಎರಡು ಖಣಗಳನ್ನು ಬಿಟ್ಟದ್ದು ಮಲ್ಲಣ್ಣನಲ್ಲ — ನಾನು.

ತೊಲೆಯಿಂದ ತೊಲೆಗೆ ಒಂದು ಖಣ ಎಂದು ಎಣಿಸುವ, ಮರಾಠಿ ಗಡಿಯ ನಮ್ಮ ಸನಮಡಿಯಲ್ಲಿ ನಮ್ಮದು ಇವತ್ತಿಗೂ 'ಐದು ಖಣದ ಮನೆ'. ನಿನ್ನ ಕಂಬಳಿ ಮಗ್ಗಕ್ಕೆಂದು ಹಿಂದೆ ಇನ್ನೆರಡು ಕಟ್ಟಿಸಿದ ಮೇಲೂ ಜನ ಹಾಗೇ ಕರೆಯುತ್ತಾರೆ. ವಿಮೆ ನವೀಕರಿಸುವಾಗ ಏಜೆಂಟ್ ಮಲ್ಲಣ್ಣ ಹೇಳಿಯೇ ಹೋಗಿದ್ದ: "ತಂಗಿ, ಟೇಪ್ ಹಿಡದು ಅಳದು ಬರಿ. ಹಿಂದ ಕಟ್ಟಿದ್ದೂ ಬರಬೇಕು."

ನಾನು ಅಳೆಯಲಿಲ್ಲ. ಹಳೆಯ ಕಾಗದ ನೋಡಿ ಐದು ಎಂದೆ. ಮನೆಯಲ್ಲಿ ಬದಲಾವಣೆ ಇದೆಯೇ ಎಂಬ ಮರಾಠಿ ಸಾಲಿನ ಮುಂದೆ 'ನಾಹೀ', ಇಲ್ಲ, ಎಂದು ಬರೆದೆ. ದಿನಚರಿಯಲ್ಲಿ ಮಾತ್ರ — 'ಅಳತೆ ಮುಗಿಯಿತು, ೧೧-೪೦' — ಗಂಟೆ ಸಮೇತ ಸುಳ್ಳು.

ಮೂರು ತಿಂಗಳಿಗೆ, ಅಕ್ಟೋಬರದ ಮಳೆಗೆ, ಬಿದ್ದದ್ದು ಆ ಎರಡು ಖಣಗಳೇ. ಅವಕ್ಕೆ ಪರಿಹಾರವಿಲ್ಲ ಎಂದು ಹೇಳಲು ಮಲ್ಲಣ್ಣ ಬಂದ. ನೀನು ಕಟ್ಟೆಯ ಮೇಲೆ, ಓಣಿಯವರೆಲ್ಲರ ಮುಂದೆ ಅವನನ್ನು ಹಿಡಿದು ಕೇಳಿದೆ.

"ಮಲ್ಲ್ಯಾ, ಎರಡು ಖಣ ಎಲ್ಲಿ ನುಂಗಿದೋ? ಚಹಾದಾಗ ಅದ್ದಿ ತಿಂದೇನು?"

"ಕಾಕು, ಕಾಗದದಾಗ ಐದ ಅದಾವರಿ."

"ಬರದಾಕಿ ನಮ್ಮ ಹುಡುಗಿ. ಕೋಳಿ ತತ್ತಿ ಸೈತ ಎಣಿಸಿ ಬರಿತಾಳ. ಮನಿ ಎಣಿಸೂದು ತಪ್ಪತಾಳೇನು?"

ಜನ ನಕ್ಕರು. ಅವನು ನನ್ನ ಕಡೆ ಒಮ್ಮೆ ನೋಡಿದ. ಆಗಲೇ ಹೇಳಬಹುದಿತ್ತು — ಕಾಕು, ಅವನಲ್ಲ… ಅವನೂ ನನ್ನ ಹೆಸರೆತ್ತಲಿಲ್ಲ. ಕೊಡೆ ಬಿಚ್ಚಿ ನಡೆದುಬಿಟ್ಟ.

ಎರಡು ವರ್ಷ ಒಂಬತ್ತು ತಿಂಗಳಾಯಿತು. ಅವನು ಮತ್ತೆ ನಮ್ಮ ಹೊಸ್ತಿಲು ತುಳಿದಿಲ್ಲ. ನೀನು ಕಾಲಿಳಿಬಿಟ್ಟು ನೇಯುತ್ತಿದ್ದ ಮಗ್ಗದ ಕುಣಿ ಮಣ್ಣಿನಡಿ ಇದೆ. ಮಾಡಗ್ಯಾಳದಿಂದ ತಂದ ಉಣ್ಣೆ ಚೀಲದಲ್ಲೇ ಇದೆ. ನೀನು ನೇಯದೆ ಮೂರು ಚಳಿಗಾಲ ಕಳೆದವು. ಆದರೂ ಉಳಿದಿದ್ದ ಒಂದೇ ಕಂಬಳಿಯನ್ನು ಮಾರದೆ ನನಗೆ ಹೊದಿಸಿದೆ. ಅದರೊಳಗೆ ಬೆಚ್ಚಗೆ ಮಲಗಿ ನಾನು ಸುಮ್ಮನಿದ್ದೆ — ನಿನಗೆ ನನ್ನ ಮೇಲಿದ್ದ ಆ ಹೆಮ್ಮೆ ಹೋದೀತೆಂದು. ಇದು ನೆಪವಲ್ಲ, ನಡೆದದ್ದು.

ಇವತ್ತು ಸಂಜೆ ಮಲ್ಲಣ್ಣನನ್ನು ಕರೆತಂದು, ಅದೇ ಓಣಿಯವರ ಮುಂದೆ ಇದನ್ನು ಓದುತ್ತೇನೆ. ಆಮೇಲೆ ನೀನು ಎಷ್ಟು ಬೇಕಾದರೂ ಬೈ.

ಮೂರು ವರ್ಷದ ಅವಧಿ ಮುಗಿದು ಈ ತಿಂಗಳು ಮತ್ತೆ ನವೀಕರಣವಿದೆ. ಮಣ್ಣಿನ ಮಾಳಿಗೆಯ ಖಣವನ್ನು ಹೊಸದಾಗಿ ಕಟ್ಟುವ ಖರ್ಚನ್ನು ಹೇಗೆ ಅಂದಾಜು ಮಾಡಬೇಕು, ಒಳಗೆ ಮತ್ತೆ ಹೂಡುವ ಮಗ್ಗಕ್ಕೆ ಬೇರೆ ವಿಮೆ ಬೇಕೇ — ನನಗೆ ಗೊತ್ತಿಲ್ಲ. ಇದನ್ನು ಓದುವವರಲ್ಲಿ ಬಲ್ಲವರು ದಯವಿಟ್ಟು ನನಗೆ ಬರೆದು ತಿಳಿಸಿ. ಈ ಸಲ ಕೇಳಿಕೊಂಡೇ ತುಂಬುತ್ತೇನೆ.