ಬಲಗಡೆಯ ಸಿಂಹ

ನಮ್ಮ ಭಾವ ಅರ್ಧ ಆಯುಷ್ಯ ಊರಿನ ಮನೆಗಳ ಗಡ್ಡಮೀಸೆ ಬೋಳಿಸಿದರು, ಇನ್ನರ್ಧ ಆಯುಷ್ಯ ಅವೇ ಮನೆಗಳಿಗೆ ಮೀಸೆ ಅಂಟಿಸಿದರು. ಎರಡಕ್ಕೂ ಜನ ಅವರನ್ನೇ ಕರೆದರು. ಇಂಥ ಅದೃಷ್ಟ ಯಾವ ಕ್ಷೌರದಂಗಡಿಯವನಿಗೂ ಇಲ್ಲ.

ಅವರದು ಗಾರೆ ಕೆಲಸ. ಅವರು ಕರಣೆ ಹಿಡಿಯಲು ಕಲಿತ ಕಾಲಕ್ಕೆ ಊರಿಗೆ ಚಪ್ಪಟೆ ಮನೆಗಳ ಹುಚ್ಚು ಹತ್ತಿತ್ತು. ಕಂಬ, ಕಮಾನು, ಗಾರೆಯ ಬಳ್ಳಿ, ಹೂಗೊಂಚಲು, ಸೂರಿನಂಚಿನಲ್ಲಿ ಬಾಯಿ ತೆರೆದು ಮಳೆನೀರು ಉಗುಳುವ ಸಿಂಹದ ಮುಖ, ಇವೆಲ್ಲ ಅಜ್ಜನ ಕಾಲದ ಕಸ ಎಂದು ಎಲ್ಲರಿಗೂ ಒಮ್ಮೆಲೇ ಅನ್ನಿಸಿಬಿಟ್ಟಿತು. ಭಾವ ಉಳಿ, ಸುತ್ತಿಗೆ ಹಿಡಿದು ಬೀದಿಗಿಳಿದರೆ ಸಂಜೆಯೊಳಗೆ ಇಡೀ ಬೀದಿ ಸೋಪಿನ ಬಿಲ್ಲೆಯಂತೆ ನುಣ್ಣಗಾಗುತ್ತಿತ್ತು. ಕೂರಲು ಜಾಗ ಸಿಗದ ಪಾರಿವಾಳಗಳು ಬೇಸರದಿಂದ ಹಾರುವುದನ್ನೂ ಬಿಟ್ಟು, ಸಾಲಾಗಿ ನಡೆದುಕೊಂಡೇ ಪಕ್ಕದ ಊರಿಗೆ ಹೋದದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಲೈಬ್ರರಿಯ ಮುಂಭಾಗದ ಎರಡು ಮೂಲೆಗಳಲ್ಲಿದ್ದ ಎರಡು ಸಿಂಹಗಳನ್ನು ಕೆಡವಿದ್ದೂ ಅವರೇ. ಎಡಗಡೆಯದು ಪುಡಿಪುಡಿಯಾಯಿತು. ಬಲಗಡೆಯದನ್ನು ಹಗ್ಗ ಕಟ್ಟಿ ಇಳಿಸುವಾಗ ಗಂಟು ಜಾರಿ, ಗದ್ದ ಮುಂದಾಗಿ ಬಿತ್ತು. ಗದ್ದ ಹೋಯಿತು, ಉಳಿದದ್ದು ಗಟ್ಟಿಯಾಗಿತ್ತು. ಕೂಲಿಯ ಮೇಲಿನ ಕೊಸರು ಎಂದು ಭಾವ ಅದನ್ನು ಮನೆಗೆ ಹೊತ್ತು ತಂದರು. ನಮ್ಮಕ್ಕ ಬಚ್ಚಲಿನಲ್ಲಿಟ್ಟು, ಗದ್ದವಿಲ್ಲದ ಆ ಬಾಯಿಯಲ್ಲಿ ಸೋಪು ಇಡತೊಡಗಿದಳು.

ಅದೇ ಲೈಬ್ರರಿಗೂ ನಮ್ಮಪ್ಪನಿಗೂ ಒಂದು ಹಳೆಯ ಜಗಳವಿತ್ತು. ಅಂಚೆ ಕಚೇರಿಯಲ್ಲಿ ಮುದ್ರೆ ಒತ್ತಿ ಒತ್ತಿ ನಿವೃತ್ತನಾದ ಅಪ್ಪ ದಿನಾ ಮಧ್ಯಾಹ್ನ ಅಲ್ಲಿಗೆ ಹೋಗಿ, ಪೇಪರ್ ಬಿಡಿಸಿ, ಮೊದಲ ಸಾಲು ಮುಗಿಯುವಷ್ಟರಲ್ಲಿ ನಿದ್ದೆ ಹೋಗುತ್ತಿದ್ದ. ಅವನ ಗೊರಕೆಗೆ ಮೇಲಿನ ಕಪಾಟಿನ ದಪ್ಪ ದಪ್ಪ ಪುಸ್ತಕಗಳು ಅಂಚಿಗೆ ಸರಿದು ಬಂದು ಯಾರಿದು ಎಂದು ಬಗ್ಗಿ ನೋಡುತ್ತಿದ್ದವು. ಲೈಬ್ರರಿಯವರು ಒಂದು ದಿನ ಅವನನ್ನು ತಟ್ಟಿ ಎಬ್ಬಿಸಿ, ಎಲ್ಲರೆದುರು ಕಾರ್ಡು ಕಿತ್ತುಕೊಂಡು ಕಳಿಸಿದರು. ಅಂದಿನಿಂದ ಅಪ್ಪ ಆ ರಸ್ತೆಯಲ್ಲಿ ಹೋದಾಗೆಲ್ಲ ಎದುರು ಬದಿಯಲ್ಲಿ, ತಲೆ ತಗ್ಗಿಸಿ ನಡೆಯುತ್ತಿದ್ದ. ಅವನು ಆ ಮಾತು ಎತ್ತಲಿಲ್ಲ. ಅಕ್ಕ ಮಾತ್ರ ಮರೆಯಲಿಲ್ಲ.

ಕಾಲ ಮಗ್ಗುಲು ಬದಲಿಸಿತು. ಜವಳಿ ಅಂಗಡಿಯ ಸಾಹುಕಾರರು ಒಂದು ದಿನ ಭಾವನ ಬಾಗಿಲಿಗೆ ಬಂದರು.

"ನನ್ನ ಹೊಸ ಮನೆ ಥೇಟ್ ನಮ್ಮಜ್ಜ ಕಟ್ಟಿಸಿದ ಹಾಗಿರ್ಬೇಕಯ್ಯ. ಕಂಬ, ಕಮಾನು, ಸಿಂಹ, ಎಲ್ಲಾ."

"ನಿಮ್ಮಜ್ಜನ ಮನೇಲಿ ಇದ್ದಿದ್ದನ್ನ ಕೆಡವಿದ್ದೇ ನಾನು, ಸ್ವಾಮಿ."

"ಹಾಗಾದ್ರೆ ನಿನಗೇ ಚೆನ್ನಾಗಿ ಗೊತ್ತಿರತ್ತೆ, ಬಿಡು!"

ಬಚ್ಚಲಿನ ಸಿಂಹ ಹೊರಗೆ ಬಂತು. ಅಚ್ಚು ತೆಗೆಯುವ ಮುಂಚೆ ಅದಕ್ಕೆ ಗದ್ದ ಮಾಡಬೇಕಲ್ಲ? ಭಾವ ಜೇಡಿಮಣ್ಣು ಮೆತ್ತಿ ಕೂತರು. ಸಿಂಹದ ಗದ್ದ ಹೇಗಿತ್ತೆಂದು ಕೆಡವಿದವರಿಗೇ ನೆನಪಿಲ್ಲ. ತಲೆ ಕೆರೆದುಕೊಳ್ಳುತ್ತ ಕತ್ತೆತ್ತಿದರೆ, ಎದುರಿನ ಜಗಲಿಯಲ್ಲಿ ಆರಾಮ ಕುರ್ಚಿಯ ಮೇಲೆ ನಮ್ಮಪ್ಪ ಬಾಯಿ ತೆರೆದು ಮಲಗಿದ್ದಾನೆ. ಹೆಂಡತಿಯ ತಂದೆ, ದುಡ್ಡು ಕೇಳುವುದಿಲ್ಲ, ಅಲುಗಾಡುವುದಿಲ್ಲ. ಇದಕ್ಕಿಂತ ಒಳ್ಳೆಯ ಮಾದರಿ ಎಲ್ಲಿ ಸಿಕ್ಕೀತು? ಜೋತ ತುಟಿ, ಗದ್ದದಡಿಯ ಮಡಿಕೆ, ಬಿದ್ದ ಹಲ್ಲಿನ ಸಂದು, ಒಂದನ್ನೂ ಬಿಡದೆ ಮಣ್ಣಿಗಿಳಿಸಿದರು. ಅದರ ಮೇಲೆ ರಬ್ಬರಿನ ಅಚ್ಚಾಯಿತು. ಗಾರೆ ಸುರಿದರೆ ಸಿಂಹ ಸಿದ್ಧ.

ಸಾಹುಕಾರರ ಹೊಸ ಮನೆ ನೋಡಲು ಹೋದ ಅಕ್ಕ ಸೂರಿನ ಕಡೆ ನೋಡಿದವಳೇ ಅಲ್ಲೇ ನಿಂತುಬಿಟ್ಟಳು.

"ರೀ! ಅದು ನಮ್ಮಪ್ಪ!"

"ಸಿಂಹ ಕಣೆ."

"ಸಿಂಹಕ್ಕೆ ಮುಂದಿನ ಹಲ್ಲು ಬಿದ್ದಿರತ್ತಾ?"

"ವಯಸ್ಸಾದ ಸಿಂಹ."

"ನಮ್ಮಪ್ಪನ ಬಾಯಿಂದ ಛಾವಣಿ ನೀರು ಬಿಡಿಸ್ತಾ ಇದೀರಲ್ಲ, ನಿಮ್ಮಪ್ಪ ಸಿಗ್ಲಿಲ್ವಾ?"

"ನಮ್ಮಪ್ಪ ಬಾಯಿ ಮುಚ್ಕೊಂಡು ಮಲಗ್ತಿದ್ರು, ಏನ್ ಮಾಡ್ಲಿ?"

ಆ ವಾರವಿಡೀ ಭಾವನ ಊಟಕ್ಕೆ ಉಪ್ಪು ಬೀಳಲಿಲ್ಲ. ಅಪ್ಪನನ್ನೂ ಕರೆದೊಯ್ದು ತೋರಿಸಿದೆವು. ಅವನು ಕನ್ನಡಕ ಸರಿಮಾಡಿಕೊಂಡು ಬಹಳ ಹೊತ್ತು ನೋಡಿ, "ಚೆನ್ನಾಗಿದಾನೆ. ಎಲ್ಲೋ ನೋಡಿದ ಹಾಗಿದೆ," ಎಂದ.

ಆಮೇಲೆ ಸಿಂಹಗಳು ಊರಿಡೀ ಹಬ್ಬಿದವು. ಬ್ಯಾಂಕಿನ ಮೇಲೆ ಅಪ್ಪ, ಔಷಧದಂಗಡಿಯ ಮೇಲೆ ಅಪ್ಪ, ಪೊಲೀಸ್ ಠಾಣೆಯ ಮೇಲೂ ಅಪ್ಪ. ಹಲ್ಲಿನ ಡಾಕ್ಟರು ಮಾತ್ರ ವ್ಯಾಪಾರಕ್ಕೆ ಕೆಟ್ಟದೆಂದು ತಮ್ಮ ಸಿಂಹದ ಬಿದ್ದ ಹಲ್ಲನ್ನು ಕಟ್ಟಿಸಿಕೊಂಡರು. ಮಳೆ ಬಂದರೆ ನಮ್ಮಪ್ಪ ಊರಿನ ಅರ್ಧ ಚರಂಡಿಗಳನ್ನು ಒಬ್ಬನೇ ತುಂಬಿಸುತ್ತಿದ್ದ.

ಆಮೇಲೊಂದು ದಿನ ಅಪ್ಪ ಅದೇ ಆರಾಮ ಕುರ್ಚಿಯಲ್ಲಿ ಮಲಗಿದವನು ಏಳಲಿಲ್ಲ. ಅಕ್ಕ ಮಾರುಕಟ್ಟೆಗೆ ಹೋಗುವ ದಾರಿ ಆಗಿನಿಂದ ಉದ್ದವಾಯಿತು. ಬ್ಯಾಂಕಿನ ಮುಂದೆ ಹಾದು, ಠಾಣೆಯ ಮುಂದೆ ಹಾದು, ಜವಳಿಯವರ ಮನೆ ಸುತ್ತಿ ಹೋಗುತ್ತಿದ್ದಳು. ಕೇಳಿದರೆ, "ಆ ಕಡೆ ನೆರಳಿದೆ ಕಣೋ," ಎನ್ನುತ್ತಿದ್ದಳು. ಆ ದಾರಿಯಲ್ಲಿ ಮರ ಎಂಬುದು ಬೀಜಕ್ಕೂ ಇಲ್ಲ.

ಹೀಗಿರುವಾಗ ಲೈಬ್ರರಿಯನ್ನು ಮೊದಲಿದ್ದಂತೆಯೇ ಮಾಡಬೇಕೆಂದು ಊರಿನವರು ತೀರ್ಮಾನಿಸಿದರು. ಗಾರೆ ಕೆಲಸ ಭಾವನ ಪಾಲಿಗೆ ಬಂತು. ಅಕ್ಕ ಅಂದೇ ಹೇಳಿಬಿಟ್ಟಳು: "ಕತ್ತು ಹಿಡಿದು ಕಳಿಸಿದ್ರಲ್ಲ, ಈಗ ಅವರ ತಲೆ ಮೇಲೇ ಕೂತ್ಕೊಳ್ಲಿ ನಮ್ಮಪ್ಪ. ಬೇರೆ ಏನೂ ನಾನು ನಿಮ್ಮನ್ನ ಕೇಳಲ್ಲ."

ಮದುವೆಯಾದಂದಿನಿಂದ ಆಕೆ ಹಾಗೆ ಕೇಳಿದ್ದು ಅದೇ ಮೊದಲು. ಭಾವ ಹೂಂ ಎಂದರು. ಮರುದಿನವೇ ಕೆಲಸದ ಉಸ್ತುವಾರಿಯ ಆರ್ಕಿಟೆಕ್ಟ್ ಮೇಡಂ ಒಂದು ಹಳೆಯ ಫೋಟೋ ತಂದು ಮೇಜಿನ ಮೇಲಿಟ್ಟರು. ಲೈಬ್ರರಿಯ ಮುಂಭಾಗ, ಎಡಮೂಲೆಯಲ್ಲಿ ಸಿಂಹ. ಬಿಗಿದ ಗದ್ದ, ಪೂರ್ತಿ ಹಲ್ಲು, ಮಹಾ ಸಿಟ್ಟು.

"ಫೋಟೋದಲ್ಲಿ ಹೇಗಿದೆಯೋ ಹಾಗೇ ಬರ್ಬೇಕು. ಊರಲ್ಲಿರೋ ನಿಮ್ಮ ಸಿಂಹ ಬೇಡ. ಅದಕ್ಕೆ ಏನೋ ನಿದ್ದೆಯ ಕಳೆ," ಎಂದರು ಮೇಡಂ.

ಆಕೆ ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ, ಅದೇ ತೊಂದರೆ. ಭಾವ ಜೇಡಿಮಣ್ಣಿನ ಮುಂದೆ ಕೂತರು. ಫೋಟೋ ನೋಡಿ ಗದ್ದ ಮಾಡುತ್ತಾರೆ, ಕೈ ತೆಗೆಯುತ್ತಾರೆ, ಅಪ್ಪ! ಅಳಿಸಿ ಮತ್ತೆ ಮಾಡುತ್ತಾರೆ, ಮತ್ತೆ ಅಪ್ಪ! "ಮಾವ, ಸ್ವಲ್ಪ ಆ ಕಡೆ ಹೋಗಿ," ಎಂದು ಮಣ್ಣಿಗೆ ಬೈಯುವುದನ್ನು ಕೇಳಿದ್ದೇನೆ. ಅಂತೂ ಬೆವರು ಸುರಿಸಿ ಎಡಗಡೆಯ ಸಿಂಹವನ್ನು ಫೋಟೋದಂತೆಯೇ ಮಾಡಿ ಮುಗಿಸಿದರು.

ಅಕ್ಕ ಬಂದು ನೋಡಿದಳು. ಬೈಯಲಿಲ್ಲ. ಅಕ್ಕ ಬೈಯದಿದ್ದರೆ ನಮ್ಮ ಮನೆಯಲ್ಲಿ ಗಡಿಯಾರವೂ ಹೆದರಿ ನಿಲ್ಲುತ್ತದೆ. ಸೆರಗಿನಿಂದ ಆ ಹೊಸ ಸಿಂಹದ ಹಣೆಯ ಧೂಳು ಒರೆಸಿ, "ಚೆನ್ನಾಗಿ ಮಾಡಿದೀರಿ," ಎಂದು ಒಳಗೆ ಹೋದಳು.

ಭಾವ ಫೋಟೋವನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮಣ್ಣನ್ನು ಬುಟ್ಟಿಗೆ ಹಾಕಿ ಮುಚ್ಚಿಟ್ಟು, ಮೂಲೆಯಿಂದ ಹಳೆಯ ಅಚ್ಚನ್ನು ಎಳೆದುಕೊಂಡರು.

ಮೇಡಂ ಮನೆಗೆ ನೋಡಲು ಬಂದ ದಿನ ಎರಡೂ ಸಿಂಹಗಳು ಬಟ್ಟೆ ಹೊದ್ದು ಕೂತಿದ್ದವು. ಎಡಗಡೆಯದರ ಬಟ್ಟೆ ಸರಿಸಿ, "ಭೇಷ್!" ಎಂದರು. ಬಲಗಡೆಯದರ ಬಟ್ಟೆ ಸರಿಸಿ ಎರಡು ಹೆಜ್ಜೆ ಹಿಂದಿಟ್ಟರು.

"ಇದೇನ್ರೀ ಇದು?"

"ಬಲಗಡೆದು ಹೀಗೇ ಇತ್ತು, ಮೇಡಂ."

"ಯಾರು ಹೇಳಿದ್ದು?"

"ಫೋಟೋ ನೋಡಿ. ಬಲಗಡೆ ಮೂಲೆಗೆ ಮರ ಅಡ್ಡ ಬಂದಿದೆ. ಕೆಡವಿದೋನು ನಾನು, ಇನ್ಯಾರಿಗೆ ಗೊತ್ತಿರತ್ತೆ?"

ಮೇಡಂ ಫೋಟೋ ನೋಡಿದರು. ಹೌದು, ಮರ. ಅಷ್ಟರಲ್ಲಿ ಅಕ್ಕ ಚಹಾ ತಂದಳು. ಮೇಡಂ ಲೋಟ ತೆಗೆದುಕೊಂಡು ತಲೆ ಎತ್ತಿದರೆ, ಅಕ್ಕನ ಹಿಂದಿನ ಗೋಡೆಯಲ್ಲಿ ಅಪ್ಪನ ದೊಡ್ಡ ಫೋಟೋ. ಒಮ್ಮೆ ಗೋಡೆ ನೋಡಿದರು, ಒಮ್ಮೆ ಸಿಂಹ ನೋಡಿದರು, ಒಮ್ಮೆ ಅಕ್ಕನ ಮುಖ ನೋಡಿದರು.

"ಬಲಗಡೆ ಸಿಂಹಕ್ಕೆ ಸ್ವಲ್ಪ ವಯಸ್ಸಾದ ಹಾಗಿದೆ," ಎಂದರು ಕೊನೆಗೆ.

"ಆ ಮೂಲೇಲಿ ಬಿಸಿಲು ಜಾಸ್ತಿ, ಮೇಡಂ," ಎಂದರು ಭಾವ, ಮುಖದ ಒಂದು ಗೆರೆಯೂ ಅಲುಗದಂತೆ.

ಮೇಡಂ ಚಹಾ ಮುಗಿಸಿದರು. "ಮರದ ಹಿಂದೆ ಏನಿತ್ತು ಅಂತ ನಾನಂತೂ ನೋಡಿಲ್ಲ. ಹಾಕಿ," ಎಂದು ಎದ್ದರು.

ಮೊದಲ ಮಳೆ ಬಂದಾಗ ಅಕ್ಕ, ನಾನು ಇಬ್ಬರೂ ಕೊಡೆ ಹಿಡಿದು ಹೋದೆವು. ಎಡಗಡೆಯ ಸಿಂಹ ಶಿಸ್ತಾಗಿ ನೀರು ಬಿಡುತ್ತಿತ್ತು. ಬಲಗಡೆಯದು ಬಿದ್ದ ಹಲ್ಲಿನ ಸಂದಿಯಿಂದ ಗಾಳಿ ಎಳೆದುಕೊಂಡು, ಗೊರ್ ಗೊರ್ ಎಂದು ಇಡೀ ಓದುವ ಕೋಣೆಗೆ ಕೇಳುವಂತೆ ಸದ್ದು ಮಾಡುತ್ತಿತ್ತು. ಒಳಗಿದ್ದವರು ಪೇಪರ್ ಕೆಳಗಿಟ್ಟು ತಲೆ ಎತ್ತಿ ನೋಡಿದರು. ಲೈಬ್ರರಿಯವರು ಬಾಗಿಲಿಗೆ ಬಂದು, ಕತ್ತು ಮೇಲೆತ್ತಿ, ಏನು ಮಾಡಬೇಕೆಂದು ತಿಳಿಯದೆ ನಿಂತರು.

ಅಕ್ಕ ನಿಂತಿದ್ದದ್ದು ಎದುರು ಬದಿಯಲ್ಲಿ, ಅಪ್ಪ ತಲೆ ತಗ್ಗಿಸಿ ನಡೆಯುತ್ತಿದ್ದ ಕಡೆ. ಕೊಡೆ ನನ್ನ ಕೈಗೆ ಕೊಟ್ಟು, ನೆನೆಯುತ್ತಲೇ ರಸ್ತೆ ದಾಟಿ, ಅವನ ಕೆಳಗೆ ಹೋಗಿ ನಿಂತಳು.

"ಈಗ ಕಿತ್ಕೊಳ್ರಿ ನೋಡೋಣ, ಕಾರ್ಡು," ಎಂದಳು.